ಮನೆಯ ಸಿಪಾಯಿಗಳನ್ನು ಹುಡುಕುತ್ತಾ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಸದಸ್ಯರನ್ನು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಿಂದ ನೀವು ಸಾಮಾನ್ಯವಾಗಿ ಕೇಳುವುದು ಮುಂದಿನ ಮಾತು. ಯಾವ ಕೋರ್ಸಿಗೆ ಸೇರಬೇಕು, ಯಾವ ಪರೀಕ್ಷೆ ಬರೆಯಬೇಕು, ವಿದ್ಯಾರ್ಥಿವೇತನಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಂಬುದನ್ನೆಲ್ಲ ಹೇಳುವವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಇತಿಹಾಸದ ಮೇಷ್ಟರು. ಹಿಂದಿನ ಮಾತು ಆಡುವುದೇ ನನ್ನ ಕಸುಬು. ಆದ್ದರಿಂದ ನಿಮ್ಮ ಮನೆಯ ಹಳೆಯ ಟ್ರಂಕಿನ ಬಗ್ಗೆ, ಅದರಲ್ಲಿ ಇರಬಹುದಾದ ಒಂದು ಮೆಡಲಿನ ಬಗ್ಗೆ, ಆ ಮೆಡಲಿನ ಬಗ್ಗೆ ಯಾರೂ ಏಕೆ ಮಾತನಾಡಲಿಲ್ಲ ಎಂಬುದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಊರುಗಳ ಹೆಸರನ್ನೇ ನೋಡಿ. ಮೈಸೂರಿನಲ್ಲಿ ಲಷ್ಕರ್ ಮೊಹಲ್ಲಾ ಇದೆ. ಬೆಂಗಳೂರಿನಲ್ಲಿಯೂ ಹಾಸನದಲ್ಲಿಯೂ ಪೆನ್ಷನ್ ಮೊಹಲ್ಲಾ ಇದೆ. ಶೇಷಾದ್ರಿಪುರದಲ್ಲಿ ರಿಸಾಲ್ದಾರ್ ಹೆಸರಿನ ಬೀದಿ ಇದೆ. ನಮ್ಮ ಹುಡುಗರ ಹಾಜರಿ ಪುಸ್ತಕ ತೆರೆದರೆ ಜಮಾದಾರ್, ಹವಾಲ್ದಾರ್, ಸುಬೇದಾರ್, ದಫೇದಾರ್, ಕಿಲ್ಲೇದಾರ್ ಎಂಬ ಮನೆತನದ ಹೆಸರುಗಳು ಸಾಲಾಗಿ ಸಿಗುತ್ತವೆ. ಒಬ್ಬ ಹುಡುಗನನ್ನು ನಿಲ್ಲಿಸಿ, "ಏನಪ್ಪಾ, ನಿಮ್ಮ ಮನೆಯಲ್ಲಿ ಹವಾಲ್ದಾರರಾಗಿದ್ದವರು ಯಾರು?" ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಅಜ್ಜನ ಹೆಸರು ಗೊತ್ತಿರುತ್ತದೆ. ಅಜ್ಜನ ತಂದೆಯ ಹೆಸರು ಕೇಳಿದರೆ ಮನೆಗೆ ಫೋನ್ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಹೆಸರಿನಲ್ಲಿ ಜಮಾದಾರ್ ಇದ್ದ ಮಾತ್ರಕ್ಕೆ ಪೂರ್ವಜರು ಸೇನೆಯಲ್ಲಿದ್ದರು ಎಂದಾಗುವುದಿಲ್ಲ. ಅರಮನೆಯ ಚಾಕರಿಯಲ್ಲಿ, ಕಚೇರಿಯಲ್ಲಿ, ಕಂದಾಯ ಇಲಾಖೆಯಲ್ಲಿಯೂ ಜಮಾದಾರರಿದ್ದರು. ಹೈದರಾಬಾದ್ ಕರ್ನಾಟಕದ ಕಡೆ ನಿಜಾಮರ ಅರಬ್ ಪಡೆಗಳ ಮುಖ್ಯಸ್ಥರಿಗೂ ಜಮಾದಾರ್ ಎನ್ನುತ್ತಿದ್ದರು. ಹೆಸರು ಬಾಗಿಲು ತೋರಿಸುತ್ತದೆ. ಒಳಗೆ ಏನಿದೆ ಎಂಬುದನ್ನು ಹೋಗಿಯೇ ನೋಡಬೇಕು.

ಇನ್ನೊಂದು ಮಾತನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ: "ನಮ್ಮವರು ಟಿಪ್ಪು ಸುಲ್ತಾನರ ಫೌಜಿನಲ್ಲಿ ದೊಡ್ಡ ಸರದಾರರಾಗಿದ್ದರು." ಇರಬಹುದು, ಆದರೆ ಎಲ್ಲರ ಪೂರ್ವಜರೂ ಸರದಾರರೇ ಆಗಿದ್ದರೆ ಶ್ರೀರಂಗಪಟ್ಟಣದ ಕೋಟೆಯ ಮೇಲೆ ಬಂದೂಕು ಹಿಡಿದು ನಿಂತವರು ಯಾರು? 1799ಕ್ಕೂ ನಮಗೂ ನಡುವೆ ಏಳೆಂಟು ತಲೆಮಾರು ಇವೆ. ಸುಲ್ತಾನರ ಪತನದ ನಂತರ ಕೆಲಸ ಕಳೆದುಕೊಂಡ ಕುದುರೆ ಸವಾರರು ಎಷ್ಟೋ ಮಂದಿ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನ ಸಿಲಾದಾರ್ ಕುದುರೆ ಪಡೆಯನ್ನು ಇಟ್ಟುಕೊಂಡಿತ್ತು. 1807ರ ಒಪ್ಪಂದದಲ್ಲಿ 4,000 ಕುದುರೆ ಸವಾರರನ್ನು ಸಿದ್ಧವಾಗಿ ಇಟ್ಟಿರಬೇಕೆಂದು ಬರೆದಿದೆ. ಸಿಲಾದಾರ್ ಎಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸಂಬಳಕ್ಕೆ ನಿಂತವನು. ಹಳೆಯ ಸವಾರರಿಗೆ ಆಗ ತೆರೆದಿದ್ದ ದಾರಿ ಅದು. ಅಂದರೆ ಟಿಪ್ಪುವಿನ ಸೇನೆಯ ಕಥೆಗೂ ಲಷ್ಕರ್ ಮೊಹಲ್ಲಾದ ಮನೆಗೂ ನಡುವೆ ಒಂದು ಸೇತುವೆ ಇದ್ದೇ ಇದೆ. ಆದರೆ ಹುಡುಕಾಟವನ್ನು ಅಲ್ಲಿಂದ ಆರಂಭಿಸಬೇಡಿ. ಹತ್ತಿರದಿಂದ ದೂರಕ್ಕೆ ಹೋಗಬೇಕು. ತಂದೆ, ಅಜ್ಜ, ಮುತ್ತಜ್ಜ ಎಂದು ಒಂದೊಂದೇ ಮೆಟ್ಟಿಲು ಹತ್ತಿದರೆ 1914ರ ಮೊದಲನೇ ಮಹಾಯುದ್ಧದವರೆಗೆ ತಲುಪಬಹುದು. ಅಲ್ಲಿಯವರೆಗೆ ಕಾಗದವೂ ಇದೆ, ಬಾಯಿಮಾತೂ ಇದೆ.

ನಮ್ಮ ಸಂಪ್ರದಾಯದಲ್ಲಿ ಈ ಕೆಲಸಕ್ಕೆ ಬೇಕಾದ ಅತ್ಯುತ್ತಮ ಸಾಧನ ಆಗಲೇ ಇದೆ. ಹದೀಸ್ ವಿದ್ವಾಂಸರು ಒಂದು ಮಾತು ಬಂದರೆ ಮೊದಲು ಏನು ಕೇಳುತ್ತಿದ್ದರು? ಇದನ್ನು ನಿನಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಅವರಿಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗಿದ್ದರೇ ಎಂದು. ಇದೇ ಇಸ್ನಾದ್. ಈ ಪ್ರಶ್ನೆಗಳಿಗೆ ಉತ್ತರ ಹೇಳಲೆಂದೇ ಸಾವಿರಾರು ಜನರ ಜೀವನ ವಿವರಗಳನ್ನು ಬರೆದಿಟ್ಟರು. ಹಿಜರಿ ಮೂರನೇ ಶತಮಾನದ ಇಬ್ನ್ ಸಅದ್ ಅವರ ತಬಕಾತ್ ಅಂಥ ಒಂದು ದೊಡ್ಡ ಗ್ರಂಥ. ಅಜ್ಜನ ಕಥೆಗೂ ಇದೇ ಅಳತೆಗೋಲು ಹಿಡಿಯಿರಿ. "ಮುತ್ತಜ್ಜ ಜರ್ಮನರ ಜೊತೆ ಹೋರಾಡಿದರು" ಎಂದು ಚಿಕ್ಕಪ್ಪ ಹೇಳಿದರೆ, ಚಿಕ್ಕಪ್ಪನಿಗೆ ಹೇಳಿದವರು ಯಾರು ಎಂದು ಮರ್ಯಾದೆಯಿಂದ ಕೇಳಿ, ಬರೆದುಕೊಳ್ಳಿ. ಕಥೆ ಬಿದ್ದುಹೋಗಬೇಕೆಂದು ಕೇಳುವುದಲ್ಲ. ಎಷ್ಟು ಭಾರ ಹೊರುತ್ತದೆ ಎಂದು ತಿಳಿಯಲು ಕೇಳುವುದು.

ಈಗ ನಮ್ಮ ಮನೆಯ ವಿಷಯ. ನನ್ನ ನಾನಿಯ ತಂದೆ ಮೈಸೂರು ಲಾನ್ಸರ್ಸ್‌ನಲ್ಲಿ ಸವಾರರಾಗಿದ್ದರು. ನಾನಿ ಅವರ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಹೇಳಿದರೆ ಮೂರೇ ಹೆಸರು: ಮಿಸ್ರ್, ಶಾಮ್, ಹಲಬ್. ತಸ್ಬೀಹ್ ಎಣಿಸುವಂತೆ ಒಂದರ ಹಿಂದೆ ಒಂದು. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಹೆಸರುಗಳು ಸಿಗುವುದಿಲ್ಲ. ಮಿಸ್ರ್ ಎಂದರೆ ಈಜಿಪ್ಟ್, ಶಾಮ್ ಎಂದರೆ ಸಿರಿಯಾದ ಸೀಮೆ, ಡಮಾಸ್ಕಸ್ ನಗರಕ್ಕೂ ಅದೇ ಹೆಸರು, ಹಲಬ್ ಎಂದರೆ ಅಲೆಪ್ಪೋ. ಇವನ್ನು ಭೂಪಟದ ಮೇಲೆ ಇಟ್ಟು ನೋಡಿದರೆ ಅದು ಸುಮ್ಮನೆ ಹೆಸರುಗಳ ಪಟ್ಟಿಯಲ್ಲ, ಒಂದು ಕುದುರೆ ರೆಜಿಮೆಂಟು ನಾಲ್ಕು ವರ್ಷ ನಡೆದ ದಾರಿ. ಓದು ಬರಹ ಬಾರದ ಹೆಣ್ಣುಮಗಳೊಬ್ಬಳು ಒಂದು ಸೇನಾ ಕಾರ್ಯಾಚರಣೆಯನ್ನು ಸರಿಯಾದ ಅನುಕ್ರಮದಲ್ಲಿ ನೆನಪಿಟ್ಟುಕೊಂಡಿದ್ದಳು.

ಆ ರೆಜಿಮೆಂಟಿನ ವಿಷಯ ಸ್ವಲ್ಪ ಹೇಳಬೇಕು. ಮೈಸೂರು ಇಂಪೀರಿಯಲ್ ಸರ್ವೀಸ್ ಲಾನ್ಸರ್ಸ್ 1892ರಲ್ಲಿ ಆರಂಭವಾದ ಸಂಸ್ಥಾನದ ಕುದುರೆ ಪಡೆ. ಮುಸಲ್ಮಾನರು, ಮರಾಠರು, ರಜಪೂತರು, ಅರಸು ಮನೆತನದವರು ಎಲ್ಲರೂ ಅದರಲ್ಲಿದ್ದರು. 1914ರಲ್ಲಿ ಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿಗಳನ್ನು ಯುದ್ಧನಿಧಿಗೆ ಕೊಟ್ಟರು, ಜೊತೆಗೆ ಈ ಪಡೆಯನ್ನೂ ಕಳಿಸಿದರು. ಅದು ಈಜಿಪ್ಟಿಗೆ ಹೋಗಿ ಮೊದಲು ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. ಮುಂದೆ ಸಿನಾಯ್ ಮರಳುಗಾಡು ದಾಟಿ ಪ್ಯಾಲೆಸ್ತೀನಿಗೆ ಬಂತು. 1918ರ ಬೇಸಿಗೆಯನ್ನು ಜೋರ್ಡನ್ ಕಣಿವೆಯಲ್ಲಿ ಕಳೆಯಿತು. ಆ ಕಣಿವೆಯ ತಳ ಸಮುದ್ರ ಮಟ್ಟಕ್ಕಿಂತ ಮುನ್ನೂರು ನಾಲ್ಕುನೂರು ಮೀಟರ್ ಕೆಳಗಿದೆ. ಅಲ್ಲಿ ಬಿಸಿಲು, ಧೂಳು ಮತ್ತು ಮಲೇರಿಯಾ ಮೂರೂ ಒಟ್ಟಿಗೆ ಕೊಲ್ಲುತ್ತಿದ್ದವು.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ನಡೆದ ಕುದುರೆ ದಾಳಿ ಈಗ ಸಾಕಷ್ಟು ಪ್ರಸಿದ್ಧವಾಗಿದೆ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು, ನಡುವಿನ ಕಿರಿದಾದ ದಾರಿಯಲ್ಲಿ ಮೆಷಿನ್ ಗನ್ನುಗಳು. ಜೋಧಪುರ ಲಾನ್ಸರ್ಸ್ ನೇರವಾಗಿ ನುಗ್ಗಿತು. ಅವರ ಮೇಜರ್ ದಲಪತ್ ಸಿಂಗ್ ಆ ದಿನ ಮಡಿದರು. ಮೈಸೂರಿನ ಒಂದು ಸ್ಕ್ವಾಡ್ರನ್, ಇಂಗ್ಲಿಷ್ ಸವಾರರ ಒಂದು ತುಕಡಿಯ ಜೊತೆ ಬೆಟ್ಟ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿಯಿತು. ಉಳಿದವರು ಪೂರ್ವ ದಿಕ್ಕಿನಿಂದ ಹೋರಾಡಿದರು. ಸಂಜೆಯ ಹೊತ್ತಿಗೆ ಊರು ಕೈವಶವಾಗಿತ್ತು. ಸೆರೆ ಸಿಕ್ಕವರು ಸುಮಾರು 1,350 ಮಂದಿ. ಈ ದಂಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಮಾತ್ರ 60 ಸತ್ತವು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಲಾನ್ಸರ್ಸ್‌ಗಳನ್ನು ಪ್ರತಿನಿಧಿಸುತ್ತವೆ. ಆ ವೃತ್ತಕ್ಕೆ 2018ರಲ್ಲಿ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ದೆಹಲಿ ದೂರವಾದರೆ ಬೆಂಗಳೂರಿನ ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿ ಮೈಸೂರು ಲಾನ್ಸರ್ಸ್‌ನ ಸ್ಮಾರಕ ಕಂಬವಿದೆ. ಅದರ ಮುಂದಿನ ರಸ್ತೆಯಲ್ಲಿ ನಮ್ಮವರು ದಿನವೂ ಓಡಾಡುತ್ತಾರೆ.

ಹೈಫಾದ ನಂತರ ಒಂದು ತಿಂಗಳಲ್ಲಿ, ಅಕ್ಟೋಬರ್ 26ರಂದು, ಇದೇ ಮೈಸೂರು ಮತ್ತು ಜೋಧಪುರದ ಸವಾರರು ಹಲಬ್‌ನ ಹತ್ತಿರದ ಹರಿತಾನ್ ಎಂಬಲ್ಲಿ ಕೊನೆಯ ದಾಳಿ ಮಾಡಿದರು. ಹೈಫಾಕ್ಕಿಂತ ಹೆಚ್ಚು ಜನ ಅಲ್ಲಿ ಸತ್ತರು. ಅದಕ್ಕೆ ಯಾವ ಚೌಕವೂ ಇಲ್ಲ, ಏಕೆಂದರೆ ಅಲ್ಲಿ ಗೆಲುವು ಅಷ್ಟು ಸ್ಪಷ್ಟವಾಗಿರಲಿಲ್ಲ. ನಾಲ್ಕು ದಿನಕ್ಕೆ ತುರ್ಕರೊಂದಿಗೆ ಯುದ್ಧವಿರಾಮವಾಯಿತು.

ನಮ್ಮ ನಾನಿಯ ತಂದೆ ಹಿಂದಿರುಗಿದ್ದು 1920ರಲ್ಲಿ. ಹೋಗುವಾಗ ಅವಳು ಒಂಬತ್ತು ವರ್ಷದ ಹುಡುಗಿ. ಬಂದಾಗ ಅವಳ ನಿಕಾಹ್ ಆಗಿಹೋಗಿತ್ತು. "ಬಾಗಿಲಲ್ಲಿ ನಿಂತವರು ಯಾರು ಎಂದು ನನಗೆ ತಿಳಿಯಲಿಲ್ಲ, ಅವರಿಗೂ ನಾನು ಯಾರೆಂದು ತಿಳಿಯಲಿಲ್ಲ" ಎಂದು ಒಮ್ಮೆ ಹೇಳಿದ್ದಳು. ಯುದ್ಧದ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವ ಏಕೈಕ ವಾಕ್ಯ ಅದು. ಎಷ್ಟೋ ದಪ್ಪ ಗ್ರಂಥಗಳಲ್ಲಿ ಆ ಮಾತು ನನಗೆ ಸಿಕ್ಕಿಲ್ಲ.

ಬಂಧುಗಳೇ, ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಮೆಡಲು ಮನೆಯಲ್ಲಿತ್ತು, ಆದರೆ ಯಾರೂ ತೋರಿಸುತ್ತಿರಲಿಲ್ಲ. ಕಾರಣ ಏನು?

ಎದುರು ಪಾಳೆಯದಲ್ಲಿದ್ದವರು ಯಾರೆಂದು ನೆನಪಿಸಿಕೊಳ್ಳಿ. ತುರ್ಕಿಯ ಸುಲ್ತಾನರೇ ಆ ಕಾಲದ ಖಲೀಫರು. 1914ರ ನವೆಂಬರಿನಲ್ಲಿ ಅವರ ಕಡೆಯಿಂದ ಜಿಹಾದಿನ ಘೋಷಣೆ ಹೊರಟಿತು. ಭಾರತದಲ್ಲಿ ಶುಕ್ರವಾರದ ಖುತ್ಬಾದಲ್ಲಿ ಖಲೀಫರ ಹೆಸರು ಹೇಳುತ್ತಿದ್ದ ಮಸೀದಿಗಳಿದ್ದವು. ಇಂಥ ಮಸೀದಿಯಿಂದ ಹೊರಟ ಸವಾರ ಖಲೀಫರ ಸೈನ್ಯದ ಮೇಲೆ ಈಟಿ ಎತ್ತಬೇಕಿತ್ತು. ಬ್ರಿಟಿಷ್ ಸರ್ಕಾರಕ್ಕೂ ಈ ಭಯವಿತ್ತು. ಅದಕ್ಕಾಗಿಯೇ ಅರೇಬಿಯಾದ ಪವಿತ್ರ ಸ್ಥಳಗಳನ್ನು ಮುಟ್ಟುವುದಿಲ್ಲ ಎಂದು ಯುದ್ಧದ ಆರಂಭದಲ್ಲಿಯೇ ಪ್ರಕಟಣೆ ಹೊರಡಿಸಿತು. 1915ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿ ಮುಸ್ಲಿಂ ಸಿಪಾಯಿಗಳ ಒಂದು ಪಲ್ಟನ್ ದಂಗೆ ಎದ್ದಿತು. 1916ರಲ್ಲಿ ಬಸ್ರಾದಲ್ಲಿ ಒಂದು ಕುದುರೆ ರೆಜಿಮೆಂಟಿನವರು ತುರ್ಕರ ಮೇಲೆ ಮುನ್ನಡೆಯಲು ನಿರಾಕರಿಸಿದರು. ಹೆಚ್ಚಿನವರು ನಿರಾಕರಿಸಲಿಲ್ಲ. ಉಪ್ಪು ತಿಂದ ಋಣ, ಕುಟುಂಬದ ಸಂಬಳ, ಪಲ್ಟನಿನ ಇಜ್ಜತ್, ಪಕ್ಕದಲ್ಲಿ ಕುದುರೆ ಓಡಿಸುವವನ ಮುಖ, ಇವುಗಳಲ್ಲಿ ಯಾವುದು ಎಷ್ಟು ತೂಗಿತೋ ಅಲ್ಲಾಹನೇ ಬಲ್ಲ.

ಅವರು ಊರಿಗೆ ಬಂದಾಗ ಊರು ಬದಲಾಗಿತ್ತು. ಖಿಲಾಫತ್ ಚಳವಳಿ ಎದ್ದಿತ್ತು. 1921ರ ಜುಲೈಯಲ್ಲಿ ಕರಾಚಿಯ ಖಿಲಾಫತ್ ಸಮ್ಮೇಳನ, ಬ್ರಿಟಿಷ್ ಸೇನೆಯಲ್ಲಿ ಕೆಲಸ ಮಾಡುವುದು ಮುಸಲ್ಮಾನನಿಗೆ ಹರಾಮ್ ಎಂದು ನಿರ್ಣಯ ಮಾಡಿತು. ಅದಕ್ಕಾಗಿ ಅಲಿ ಸಹೋದರರು ಜೈಲಿಗೆ ಹೋದರು. ಈ ಹೊತ್ತಿನಲ್ಲಿ ಹಲಬ್‌ನಿಂದ ಬಂದ ಸವಾರ ಎದೆಯ ಮೇಲೆ ಮೆಡಲು ಧರಿಸಿ ಮಸೀದಿಗೆ ಹೋಗಲು ಸಾಧ್ಯವಿತ್ತೇ? ಟ್ರಂಕಿನೊಳಗೆ ಇಟ್ಟ. ಆಮೇಲೆ ಸ್ವಾತಂತ್ರ್ಯ ಬಂತು. ಆಗ ಅವನು ಆಂಗ್ಲರ ಚಾಕರಿ ಮಾಡಿದವನು. ಹೀಗೆ ಒಂದು ಸಲ ದೀನ್ ಹೆಸರಿನಲ್ಲಿ, ಇನ್ನೊಂದು ಸಲ ದೇಶದ ಹೆಸರಿನಲ್ಲಿ ಅವನ ಬಾಯಿ ಮುಚ್ಚಿತು. ಇತಿಹಾಸಕ್ಕೆ ತನ್ನದೇ ಹಾಸ್ಯ ಉಂಟು ನೋಡಿ: ಹಲಬ್‌ನ ಬಳಿ ಮೈಸೂರಿನ ಸವಾರರ ಎದುರು ತುರ್ಕಿ ಪಡೆಗಳನ್ನು ನಡೆಸುತ್ತಿದ್ದವರು ಮುಸ್ತಫಾ ಕೆಮಾಲ್ ಪಾಷಾ. 1924ರ ಮಾರ್ಚ್ 3ರಂದು ಖಿಲಾಫತ್ತನ್ನು ರದ್ದುಪಡಿಸಿದ್ದು ಅವರೇ ಕಟ್ಟಿದ ಗಣರಾಜ್ಯದ ಸಂಸತ್ತು. ನಮ್ಮ ಸವಾರ ಮಾತ್ರ ಆಮೇಲೂ ಮಾತನಾಡಲಿಲ್ಲ.

ಈಗ ನಾಲ್ಕನೇ ತಲೆಮಾರಿನ ನಾವು ಏನು ಮಾಡುತ್ತಿದ್ದೇವೆ? ಮೆಡಲನ್ನು ತೆಗೆದು ಬೇರೊಂದು ಕಾರಣಕ್ಕೆ ತೋರಿಸಲು ಹೊರಟಿದ್ದೇವೆ. "ನೋಡಿ, ನಮ್ಮವರೂ ಯುದ್ಧದಲ್ಲಿದ್ದರು" ಎಂದು. ಈ ಆತುರ ಏಕೆ ಬಂದಿದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಯಾರಿಗೋ ಸರ್ಟಿಫಿಕೇಟು ತೋರಿಸುವುದಕ್ಕಾಗಿ ಮುತ್ತಜ್ಜನನ್ನು ಹುಡುಕಿದರೆ ನಿಮಗೆ ಸರ್ಟಿಫಿಕೇಟು ಸಿಗಬಹುದು, ಮುತ್ತಜ್ಜ ಸಿಗುವುದಿಲ್ಲ. ಅವರನ್ನು ಘಾಜಿ ಮಾಡುವುದೂ ಬೇಡ, ಗದ್ದಾರ್ ಮಾಡುವುದೂ ಬೇಡ. ಆತ ಎಷ್ಟು ರೂಪಾಯಿ ಸಂಬಳಕ್ಕೆ ಸೇರಿದ, ಎಲ್ಲಿ ಜ್ವರದಲ್ಲಿ ಮಲಗಿದ, ಯಾವ ವರ್ಷ ಪಿಂಚಣಿ ಪಡೆದ ಎಂಬುದು ಮೊದಲು ತಿಳಿಯಲಿ.

ಹೇಗೆ ತಿಳಿಯುವುದು? ಮೆಡಲಿನಿಂದಲೇ ಆರಂಭಿಸಬಹುದು. ಮೊದಲನೇ ಮಹಾಯುದ್ಧದ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಮತ್ತು ಹಿತ್ತಾಳೆ ಬಣ್ಣದ ವಿಕ್ಟರಿ ಮೆಡಲ್‌ಗಳ ಅಂಚಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಲ್ಟನ್ ಒತ್ತಿರುತ್ತಾರೆ. 1914-15ರ ಸ್ಟಾರ್ ಆದರೆ ಹಿಂಭಾಗದಲ್ಲಿ. ಸೈನ್ಯದ ಜೊತೆ ಹೋದ ಅಡಿಗೆಯವರು, ಸಾಯಿಸರು, ನೀರು ಹೊರುವವರಿಗೆ ಕೊಟ್ಟ ವಾರ್ ಮೆಡಲ್ ಬೆಳ್ಳಿಯದಲ್ಲ, ಕಂಚಿನದು. ಮನೆಯಲ್ಲಿ ಕಂಚಿನದಿದ್ದರೆ ಮುಖ ಚಿಕ್ಕದು ಮಾಡಿಕೊಳ್ಳಬೇಡಿ. ಅದೇ ಮರಳು, ಅದೇ ಮಲೇರಿಯಾ ಅವರಿಗೂ ಇತ್ತು. ಅಂಚನ್ನು ಓದಲು ಕಿಟಕಿಯ ಬಳಿ ಓರೆ ಬೆಳಕಿನಲ್ಲಿ ಹಿಡಿಯಿರಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ "ದಫೇದಾರ್ ಸಾಹೇಬ್" ಎನ್ನುತ್ತಿದ್ದವರು ಮೆಡಲಿನ ಅಂಚಿನಲ್ಲಿ ಬರೀ ಸವಾರ್. ಆಮೇಲೆ ಸರ್ಕಾರ ಬಡ್ತಿ ಕೊಟ್ಟಿತೋ ಮನೆಯವರೇ ಕೊಟ್ಟರೋ!

ಎಷ್ಟೋ ಮನೆಗಳಲ್ಲಿ ಬೆಳ್ಳಿ ಮೆಡಲು ಕರಗಿ ಕಾಲುಗೆಜ್ಜೆಯಾಗಿರುತ್ತದೆ. ಆಗ ಕಾಗದ ಹುಡುಕಬೇಕು. ಡಿಸ್ಚಾರ್ಜ್ ಸರ್ಟಿಫಿಕೇಟು, ಪಿಂಚಣಿ ಪುಸ್ತಕ, ನಿಕಾಹ್‌ನಾಮೆ, ಮನೆಯ ಕ್ರಯಪತ್ರ. ವಿಧವೆಯ ಪಿಂಚಣಿ ಕಾಗದ ಸಿಕ್ಕಿದರೆ ಅದನ್ನು ಬಂಗಾರದಂತೆ ನೋಡಿಕೊಳ್ಳಿ. ಇಡೀ ಮನೆತನದಲ್ಲಿ ಒಬ್ಬ ಹೆಣ್ಣುಮಗಳ ಹೆಸರನ್ನು ಬರೆದಿರುವ ಮೊದಲ ಕಾಗದ ಅದೇ ಆಗಿರಬಹುದು.

ಇನ್ನು ಹೊರಗಿನ ದಾಖಲೆ. ಯುದ್ಧದಲ್ಲಿ ಸತ್ತವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ಇರಬಹುದು. ಅದನ್ನು ಇಂಟರ್‌ನೆಟ್ಟಿನಲ್ಲಿ ಹಣ ಕೊಡದೆ ನೋಡಬಹುದು. ಸಿನಾಯ್ ಮತ್ತು ಪ್ಯಾಲೆಸ್ತೀನ್ ರಂಗದಲ್ಲಿ ಮಡಿದ ಸುಮಾರು 4,000 ಭಾರತೀಯರಿಗಾಗಿ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫಿಕ್‌ನಲ್ಲಿ 1926ರಲ್ಲಿ ಹುಲಿಗಳ ಶಿಲ್ಪವಿದ್ದ ಸ್ಮಾರಕ ಕಟ್ಟಿದ್ದರು. ಅರಬ್-ಇಸ್ರೇಲ್ ಯುದ್ಧಗಳಲ್ಲಿ ಅದು ಹಾಳಾಯಿತು. 1980ರಲ್ಲಿ ಕೈರೋದ ಹೀಲಿಯೋಪೊಲಿಸ್ ಸಮಾಧಿ ಸ್ಥಳದಲ್ಲಿ ಅದರ ಬದಲಿಗೆ ಹೊಸದನ್ನು ಮಾಡಿ ಹೆಸರುಗಳನ್ನು ಹಾಕಿದರು. ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ತಂದೆಯ ಹೆಸರು, ಊರು ಸಹ ಇರುತ್ತದೆ. ಆದರೆ ಬರೆದ ಗುಮಾಸ್ತರಿಗೆ ನಮ್ಮ ಹೆಸರುಗಳು ತಿಳಿಯುತ್ತಿರಲಿಲ್ಲ. ಶೇಖ್, ಸೈಯದ್, ಮೊಹಮ್ಮದ್, ಖಾದರ್, ಇವು ಒಂದೊಂದೂ ಇಂಗ್ಲಿಷಿನಲ್ಲಿ ನಾಲ್ಕಾರು ವೇಷ ಹಾಕಿರುತ್ತವೆ. ಎಲ್ಲ ಕಾಗುಣಿತದಲ್ಲೂ ಹುಡುಕಬೇಕು. ಊರುಗಳೂ ಹಾಗೆಯೇ. ರಾಮನಗರ ಅಲ್ಲಿ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್.

ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯವರು ಇನ್ನೊಂದು ದಾರಿ ಹಿಡಿಯಬೇಕು. ಆ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಮರಾಠಾ ಪಲ್ಟನ್‌ಗಳಲ್ಲಿ ದಖ್ಖನಿ ಮುಸಲ್ಮಾನರ ತುಕಡಿಗಳೂ ಇದ್ದವು. ಹೆಸರು ಮರಾಠಾ ಎಂದಿದೆ, ನಮ್ಮವರು ಹೇಗಿದ್ದಾರು ಎಂದು ಬಿಟ್ಟುಬಿಡಬೇಡಿ. ಆ ಪಲ್ಟನ್‌ಗಳಲ್ಲಿ ಕೆಲವು ಇರಾಕಿನ ಕುತ್ ನಗರದಲ್ಲಿ 1915ರ ಡಿಸೆಂಬರಿನಿಂದ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ಹಸಿವಿನಿಂದ ಶರಣಾದವು. ಸುಮಾರು 13,000 ಮಂದಿ ಸೆರೆಯಾದರು. ಎಷ್ಟೋ ಭಾರತೀಯ ಸೆರೆಯಾಳುಗಳು ರಾಸ್ ಅಲ್-ಐನ್‌ನಲ್ಲಿ ಬಾಗ್ದಾದ್ ರೈಲು ಹಾದಿಯ ಕೆಲಸದಲ್ಲಿ ಸತ್ತರು. ನಿಮ್ಮ ಮನೆಯ ಹಿರಿಯ ಹೆಂಗಸರು "ಬಸ್ರಾಕ್ಕೆ ಹೋದವರು ಬರಲೇ ಇಲ್ಲ" ಎಂದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಸ್ರಾದ ಸ್ಮಾರಕದ ಮೇಲೆ ಅಧಿಕಾರಿಗಳ ಹೆಸರನ್ನು ಕೆತ್ತಿ, ಭಾರತೀಯ ಸಾಮಾನ್ಯ ಸಿಪಾಯಿಗಳನ್ನು "ಮತ್ತು ಇಷ್ಟು ಮಂದಿ" ಎಂದು ಬರೀ ಸಂಖ್ಯೆಯಲ್ಲಿ ಸೂಚಿಸಿದ್ದರು. ಈ ತಾರತಮ್ಯವನ್ನು ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಹೆಸರಿಲ್ಲದೆ, ಅಥವಾ ಯಾವ ಸ್ಮರಣೆಯೂ ಇಲ್ಲದೆ ಉಳಿದವರು ಕನಿಷ್ಠ 1,16,000 ಎಂದು ಅದೇ ವರದಿ ಹೇಳಿದೆ. ಇವರಲ್ಲಿ ಹೆಚ್ಚಿನವರು ಆಫ್ರಿಕ ಮತ್ತು ಈಜಿಪ್ಟಿನವರು.

ನಮ್ಮ ಪಕ್ಕದ ವೇಲೂರಿನ ಪೇಟೆಯ ಗಡಿಯಾರ ಗೋಪುರದ ಮೇಲೆ ಒಂದು ಕಲ್ಲಿದೆ. ಈ ಊರಿನಿಂದ 277 ಮಂದಿ ಮಹಾಯುದ್ಧಕ್ಕೆ ಹೋದರು, 14 ಮಂದಿ ಪ್ರಾಣ ಕೊಟ್ಟರು ಎಂದು ಅದರಲ್ಲಿದೆ. ಒಂದೇ ಒಂದು ಹೆಸರಿಲ್ಲ. ವೇಲೂರಿನಲ್ಲಿ ನೆಂಟರಿಲ್ಲದ ಮುಸ್ಲಿಂ ಮನೆಗಳು ನಮ್ಮಲ್ಲಿ ಕಡಿಮೆ. ಮುಂದಿನ ಸಲ ಮದುವೆಗೆ ಹೋದಾಗ ಆ 277ರಲ್ಲಿ ಒಬ್ಬರಾದರೂ ಯಾರು ಎಂದು ಕೇಳಿ ಬನ್ನಿ.

ಬದುಕಿ ಬಂದವರನ್ನು ಹುಡುಕುವುದು ಸತ್ತವರನ್ನು ಹುಡುಕುವುದಕ್ಕಿಂತ ಕಷ್ಟ. ಸಮಾಧಿ ಪಟ್ಟಿಯಲ್ಲಿ ಅವರಿರುವುದಿಲ್ಲ. ಪಂಜಾಬಿನವರಿಗೆ ಒಂದು ಅದೃಷ್ಟವಿದೆ. ಅಲ್ಲಿನ ಸುಮಾರು 3,20,000 ಸಿಪಾಯಿಗಳ ಹಳ್ಳಿವಾರು ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಮ್ಮಿನಲ್ಲಿ ಉಳಿದಿದ್ದವು. 2021ರಿಂದ ಅವನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಿದ್ದಾರೆ. ನಮಗೆ ಅಂಥದ್ದು ಸಿಕ್ಕಿಲ್ಲ. ಆದ್ದರಿಂದ ನಾನು ಹೇಳುವ ಉಪಾಯ ಇದು: ಮನುಷ್ಯ ಸಿಗದಿದ್ದರೆ ಪಲ್ಟನಿನ ಹಿಂದೆ ಹೋಗಿ. ಯುದ್ಧಕಾಲದಲ್ಲಿ ಪ್ರತಿಯೊಂದು ದಳವೂ ದಿನಚರಿ ಬರೆಯಬೇಕಿತ್ತು. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆ ದಿನಚರಿಗಳಿವೆ. ಅವುಗಳಲ್ಲಿ ಸವಾರನ ಹೆಸರು ಬರುವುದು ಅಪರೂಪ. ಆದರೆ ಇವತ್ತು ಎಷ್ಟು ಮೈಲಿ ನಡೆದೆವು, ಕುದುರೆಗಳಿಗೆ ನೀರು ಎಲ್ಲಿ ಸಿಕ್ಕಿತು, ಎಷ್ಟು ಮಂದಿ ಆಸ್ಪತ್ರೆಗೆ ಹೋದರು ಎಂಬಂಥ ವಿವರಗಳು ಇರುತ್ತವೆ. ನಿಮ್ಮ ಮುತ್ತಜ್ಜ ಆ ದಳದಲ್ಲಿದ್ದರು ಎಂದು ಮೆಡಲು ಹೇಳಿದರೆ, ಆ ದಿನ ಅವರು ಎಲ್ಲಿದ್ದರು ಎಂದು ದಿನಚರಿ ಹೇಳುತ್ತದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ ಎಂಬ ಜಾಲತಾಣದಲ್ಲಿ ಕಡತಗಳ ಪಟ್ಟಿಯನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಸಂಸ್ಥಾನದ ಪಡೆಗಳ ವಿಷಯಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಮೈಸೂರಿನ ವಿಭಾಗೀಯ ಪತ್ರಾಗಾರಗಳಿಗೆ ಹೋಗಬೇಕು. ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿಗಳಲ್ಲಿ ಮಿಲಿಟರಿ ಅಧ್ಯಾಯ ಇದೆ. ಒಂದು ದಿನಕ್ಕೆ ಆಗುವ ಕೆಲಸವಲ್ಲ. ನಮ್ಮ ಹುಡುಗರು ಹೋದ ದಿನವೇ ಸಿಗಲಿಲ್ಲ ಎಂದು ಹಿಂದಿರುಗುತ್ತಾರೆ. ಪತ್ರಾಗಾರದಲ್ಲಿ ಮೊದಲ ದಿನ ಸಿಗುವುದು ಧೂಳು ಮಾತ್ರ.

ಎರಡನೇ ಮಹಾಯುದ್ಧದ ಬಗ್ಗೆ ಇಷ್ಟೇ ಹೇಳುತ್ತೇನೆ. ಮೈಸೂರಿನ ಒಂದನೇ ಇನ್‌ಫೆಂಟ್ರಿ 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕಿತು. ಹಾಗೆ ಸೆರೆಸಿಕ್ಕ ಭಾರತೀಯರಲ್ಲಿ ಎಷ್ಟೋ ಮಂದಿ ಆಜಾದ್ ಹಿಂದ್ ಫೌಜಿಗೆ ಸೇರಿದರು, ಇನ್ನೆಷ್ಟೋ ಮಂದಿ ಸೇರದೆ ಕ್ಯಾಂಪುಗಳಲ್ಲಿ ಉಳಿದರು. ಆ ಯುದ್ಧಕ್ಕೆ ಹೋದವರ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ. ಇವತ್ತು ಸಭೆಯಲ್ಲಿಯೂ ಇರಬಹುದು. ಅವರನ್ನು ಪತ್ರಾಗಾರದಲ್ಲಿ ಹುಡುಕಬೇಕಾಗಿಲ್ಲ, ಚಹಾ ಕುಡಿಯುತ್ತಾ ಪಕ್ಕದಲ್ಲಿ ಕುಳಿತರೆ ಸಾಕು.

ಮೈಸೂರು ಲಾನ್ಸರ್ಸ್ ಎಂಬ ಹೆಸರು ಈಗಿಲ್ಲ. ಸಂಸ್ಥಾನಗಳು ವಿಲೀನವಾದ ಮೇಲೆ, 1953ರಲ್ಲಿ ಅದು ಬೇರೆ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ ಜೈಪುರದ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮಗೆ ಒಂದು ಕೆಲಸ ಕೊಡುತ್ತೇನೆ. ಮನೆಯ ಅತಿ ಹಿರಿಯ ಹೆಂಗಸಿನ ಬಳಿ ಕುಳಿತು ಕೇಳಿ. ಗಂಡಸರು ಪದವಿ ನೆನಪಿಡುತ್ತಾರೆ. ಯಾರು ಯಾವ ವರ್ಷ ಮನೆಯಲ್ಲಿರಲಿಲ್ಲ ಎಂಬುದನ್ನು ನೆನಪಿಡುವವರು ಹೆಂಗಸರು. ಯಾವ ಮಗು ತಂದೆ ಇಲ್ಲದಾಗ ಹುಟ್ಟಿತು, ಯಾರ ಮದುವೆಗೆ ಯಾರು ಬರಲಿಲ್ಲ, ಮನಿಯಾರ್ಡರು ಯಾವ ತಿಂಗಳು ನಿಂತಿತು ಎಂದು ಕೇಳಿ. ಅವರು ಹೇಳಿದ ಊರಿನ ಹೆಸರನ್ನು ತಿದ್ದಬೇಡಿ, ಹೇಳಿದ ಹಾಗೆಯೇ ಬರೆದುಕೊಳ್ಳಿ. ಹೇಳಿದವರ ಹೆಸರು, ತಾರೀಖು ಕೆಳಗೆ ಹಾಕಿ. ಕಾಗದ ಸಿಕ್ಕಿದರೆ ಲ್ಯಾಮಿನೇಷನ್ ಮಾಡಿಸಬೇಡಿ, ಫೋಟೋ ತೆಗೆಯಿರಿ. ಉರ್ದುವಿನಲ್ಲಿ, ಅದರಲ್ಲೂ ಶಿಕಸ್ತಾ ಬರವಣಿಗೆಯಲ್ಲಿ ಇದ್ದರೆ ಅದನ್ನು ಓದಬಲ್ಲ ಹಿರಿಯರು ನಮ್ಮ ಸಂಘದಲ್ಲಿಯೇ ಮೂರು ನಾಲ್ಕು ಜನ ಇದ್ದಾರೆ. ಎಲ್ಲರಿಗೂ ಎಂಬತ್ತು ದಾಟಿದೆ. ಶಾಲೆ ತೆರೆಯುವವರೆಗೆ ಕಾಯದೆ ಈ ತಿಂಗಳಲ್ಲಿಯೇ ತನ್ನಿ. ಭಾನುವಾರ ಅಸರ್ ನಮಾಜಿನ ನಂತರ ನಾವು ಸಂಘದ ಗ್ರಂಥಾಲಯದಲ್ಲಿ ಇರುತ್ತೇವೆ.